ಖಗ್ರಾಸ, ಕಂಕಣ, ಪಾರ್ಶ್ವ: ಯಾವ ಸೂರ್ಯಗ್ರಹಣ ನೋಡೋಕೆ ಹೋಗೋದು?

ದುಡ್ಡು ಖರ್ಚು ಮಾಡಿ ಹೋಗೋದಾದ್ರೆ ನನ್ನ ಓಟು ಚಂದ್ರ ಸೂರ್ಯನ್ನ ಪೂರ್ತಿ ಮುಚ್ಚೋ ಖಗ್ರಾಸಕ್ಕೆ, ಹಗಲಲ್ಲೇ ಕತ್ತಲಾಗಿ ಸೂರ್ಯನ ಸುತ್ತ ಬೆಳ್ಳಗೆ ಕರೋನಾ (ಸೂರ್ಯನ ಹೊರಗಿನ ವಾತಾವರಣ) ಕಾಣೋದು ಇದ್ರಲ್ಲಿ ಮಾತ್ರ. ಆದ್ರೆ ಚಂದ್ರನ ನೆರಳಿನ ಕಿರಿದಾದ ಪಟ್ಟಿಯೊಳಗೇ ನಿಂತಿರ್ಬೇಕು, 99% ಮುಚ್ಚಿದ್ರೂ ಆ ಮಜಾ ಸಿಗಲ್ಲ, ಟೈಮೂ ಕಮ್ಮಿ, ಜಾಸ್ತಿ ಅಂದ್ರೆ ಏಳೂವರೆ ನಿಮಿಷ. 2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ಲಕ್ಸರ್ ಹತ್ರ 6 ನಿಮಿಷಕ್ಕೂ ಮೇಲಿರತ್ತೆ, ಸಖತ್ ಚಾನ್ಸು.

ಕಂಕಣದಲ್ಲಿ ಚಂದ್ರ ದೂರ ಇದ್ದು ಚಿಕ್ಕದಾಗಿ ಕಾಣೋದ್ರಿಂದ ಸೂರ್ಯ ಪೂರ್ತಿ ಮುಚ್ಚಲ್ಲ, ಸುತ್ತ ಬೆಂಕಿಬಳೆ ಉಳಿಯತ್ತೆ, 12 ನಿಮಿಷದವರೆಗೂ ಇರ್ಬೋದು, ಫೋಟೋ ಹುಚ್ಚಿರೋರಿಗೆ ಆರಾಮು, ಆದ್ರೆ ಗ್ರಹಣದ ಕನ್ನಡಕ ಒಂದು ಕ್ಷಣನೂ ತೆಗೀಬಾರ್ದು (ಖಗ್ರಾಸದಲ್ಲಿ ಪೂರ್ತಿ ಮುಚ್ಚಿದಾಗ ಮಾತ್ರ ಬರಿಗಣ್ಣು ಓಕೆ).

ಪಾರ್ಶ್ವ ಅಂದ್ರೆ ಸೂರ್ಯನ ಒಂದು ಭಾಗ ಮಾತ್ರ ಮುಚ್ಚೋದು, ತುಂಬಾ ದೊಡ್ಡ ಪ್ರದೇಶದಲ್ಲಿ ಕಾಣತ್ತೆ, ಓಡಾಟ ಬೇಡ ಅನ್ನೋರಿಗೆ, ಮಕ್ಕಳಿಗೆ ಇದೇ ಸಾಕು. ಮರದ ಕೆಳಗೆ ನೋಡಿ, ಎಲೆ ಸಂದಿಯಿಂದ ಬೀಳೋ ಬೆಳಕೆಲ್ಲ ಪುಟ್ಟ ಪುಟ್ಟ ಬಿದಿಗೆ ಚಂದ್ರ ಆಗಿರತ್ತೆ, ನೆಲದ ಮೇಲಿನ ಆ ಬೆಳಕು ನೋಡೋಕೆ ಕನ್ನಡಕನೂ ಬೇಡ.