ನಿಂತು ನೋಡಿದರೆ ನಿಜ, ತಿರುಗಿದರೆ ಮಸುಕು: ಪಾತ್ ಟ್ರೇಸಿಂಗ್‌ನೊಂದಿಗೆ ದೀರ್ಘಕಾಲದ ಒಡನಾಟ

ರೇ ಟ್ರೇಸಿಂಗ್‌ಗೆಂದೇ ಪ್ರತ್ಯೇಕ ಘಟಕಗಳಿರುವ ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡೊಂದನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುವುದೇ ರೇ ಟ್ರೇಸಿಂಗ್; ಬೆಳಕು ಪುಟಿಯುವುದನ್ನೆಲ್ಲ ಹೀಗೆ ಹಿಂಬಾಲಿಸುವ ಅದರ ಪೂರ್ಣ ರೂಪ ಪಾತ್ ಟ್ರೇಸಿಂಗ್. ಎಲ್ಲಕ್ಕಿಂತ ಮೇಲಿನ ಮಾದರಿ ನನ್ನ ಬಜೆಟ್ಟಿಗೆ ನಿಲುಕುವಂತಿರಲಿಲ್ಲ. ಕೋರ್‌ಗಳ ಸಂಖ್ಯೆ, ಬೆಂಚ್‌ಮಾರ್ಕ್ ಅಂಕಗಳು ಎಲ್ಲ ಕಡೆಯೂ ಸಿಗುವುದರಿಂದ ಅವುಗಳ ಗೊಡವೆಗೆ ಇಲ್ಲಿ ಹೋಗುವುದಿಲ್ಲ. ಕಂಪನಿಯ ಹೆಸರನ್ನೂ ಬರೆಯುತ್ತಿಲ್ಲ, ಏಕೆಂದರೆ ಮುಂದೆ ಹೇಳಲಿರುವ ದೋಷ ಒಂದು ಕಂಪನಿಯದಲ್ಲ, ಇಂದಿನ ತಂತ್ರಜ್ಞಾನದ್ದು.

ನಾನು ಆಡುವ ರೀತಿಯನ್ನು ಮೊದಲೇ ತಿಳಿಸುವುದು ಒಳ್ಳೆಯದು. ಸ್ಪರ್ಧಾತ್ಮಕ ಶೂಟರ್‌ಗಳನ್ನು ನಾನು ಆಡುವುದಿಲ್ಲ. ಕಥೆಯಿರುವ, ಒಬ್ಬರೇ ಆಡುವ ಆಟಗಳಲ್ಲಿ ನಿಧಾನವಾಗಿ ಅಲೆಯುವುದು ನನಗಿಷ್ಟ. ಶೇಡರ್ ಕಂಪೈಲ್ (ದೃಶ್ಯ ಬಿಡಿಸುವ ಪುಟ್ಟ ಪ್ರೋಗ್ರಾಮುಗಳನ್ನು ಕಾರ್ಡಿಗೆ ಸಿದ್ಧಗೊಳಿಸುವ ಕೆಲಸ) ಮುಗಿಯುವವರೆಗೆ ಕಾಯುತ್ತೇನೆ. ಅರ್ಧಕ್ಕೆ ಬಿಟ್ಟು ಆಟ ಶುರುಮಾಡಿದರೆ ಪ್ರತಿ ಹೊಸ ದೃಶ್ಯದಲ್ಲೂ ಚಿತ್ರ ಮುಗ್ಗರಿಸುತ್ತದೆ. ಆಮೇಲೆ ಕೋಣೆಯ ದೀಪ ಆರಿಸಿ, ಎಚ್‌ಡಿಆರ್ (ಕಡುಗತ್ತಲೆ, ಪ್ರಖರ ಬೆಳಕು ಎರಡನ್ನೂ ತೋರುವ ಪರದೆಯ ಸೌಲಭ್ಯ) ಹೊಳಪನ್ನು ಹೊಂದಿಸಿ, ಪರದೆಯ ಮೇಲಿನ ನಕ್ಷೆ, ಜೀವದ ಪಟ್ಟಿ, ಗುರಿಯ ಬಾಣ ಎಲ್ಲವನ್ನೂ ಮರೆಮಾಡುತ್ತೇನೆ. ಅವಕಾಶವಿದ್ದರೆ ಆಟದೊಳಗಿನ ಗಡಿಯಾರವನ್ನು ಸಂಜೆಗೆ ತಿರುಗಿಸುತ್ತೇನೆ. ಅಲ್ಲಿಂದ ಮುಂದೆ ಓಡುವ ಗುಂಡಿಯನ್ನು ಮುಟ್ಟದೆ, ಬರೀ ನಡಿಗೆ.

ಆ ನಡಿಗೆಯಲ್ಲಿ ಸಿಕ್ಕ ಸುಖವನ್ನು ನಾನು ನಿರೀಕ್ಷಿಸಿರಲಿಲ್ಲ. ಅರೆತೆರೆದ ಬಾಗಿಲಿನಿಂದ ಬಂದ ಬಿಸಿಲು ನೆಲದ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಚಾವಣಿಯ ಮೂಲೆಯನ್ನು ಮಂದವಾಗಿ ಬೆಳಗಿಸುತ್ತದೆ. ಕೆಂಪು ಪರದೆಯ ಪಕ್ಕದ ಬಿಳಿ ಗೋಡೆಗೆ ತೆಳುವಾದ ಕೆಂಪು ಹತ್ತುತ್ತದೆ. ಮೇಜಿನ ಕೆಳಗಿನ ಕತ್ತಲೆ ಒಂದೇ ಕಪ್ಪಲ್ಲ. ಕಾಲುಗಳ ಬುಡದಲ್ಲಿ ಗಾಢವಾಗಿ, ಅಂಚಿಗೆ ಬಂದಂತೆ ತಿಳಿಯಾಗುತ್ತದೆ. ಹಿಂದಿನ ಆಟಗಳಲ್ಲೂ ಇಂಥ ಬೆಳಕು ಇರಲಿಲ್ಲವೆಂದಲ್ಲ, ಆದರೆ ಅದನ್ನು ತಯಾರಕರು ಮೊದಲೇ ಲೆಕ್ಕ ಹಾಕಿ ಗೋಡೆಗಳಿಗೆ ಅಂಟಿಸಿಬಿಡುತ್ತಿದ್ದರು. ಬಾಗಿಲು ಮುಚ್ಚಿದರೂ ಬೆಳಕು ಅಲ್ಲೇ ಉಳಿಯುತ್ತಿತ್ತು. ಈಗ ಬಾಗಿಲು ಸರಿದಷ್ಟೂ ಕೋಣೆಯ ಬಣ್ಣ ಬದಲಾಗುತ್ತದೆ.

ಇದರ ಗಣಿತ ಹಳೆಯದು. ಮೇಲ್ಮೈಯಿಂದ ಮೇಲ್ಮೈಗೆ ಪುಟಿಯುವ ಬೆಳಕನ್ನೆಲ್ಲ ಒಂದೇ ಸಮೀಕರಣದಲ್ಲಿ ಹಿಡಿದು, ಅದನ್ನು ಬಿಡಿಸಲು ಪಾತ್ ಟ್ರೇಸಿಂಗ್ ಎಂಬ ವಿಧಾನವನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಕಾಜಿಯಾ ಅವರು ಮುಂದಿಟ್ಟದ್ದು 1986ರಲ್ಲಿ. ಅದಕ್ಕೆ ನೆರವಾಗುವ ಘಟಕಗಳಿರುವ ಕಾರ್ಡುಗಳು ಆಟಗಾರರ ಕೈಗೆ ಬಂದದ್ದು 2018ರಲ್ಲಿ. ಮರುವರ್ಷ, 1997ರ ‘ಕ್ವೇಕ್ 2’ ಆಟಕ್ಕೆ ಪಾತ್ ಟ್ರೇಸಿಂಗ್ ಅಳವಡಿಸಿದ ಆವೃತ್ತಿ ಬಂತು. ನೈಜತೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಆ ಆಟ. ಅದರ ಗೋಡೆಗಳು ಈಗಲೂ ಚಪ್ಪಟೆ, ಶತ್ರುಗಳ ಮೈ ಈಗಲೂ ಕೋನಕೋನ. ಆದರೂ ಅಲ್ಲಿನ ಓಣಿಗಳು ನಾವು ನಿಂತಿರುವ ಜಾಗಗಳಾಗಿಬಿಡುತ್ತವೆ. ಕಣ್ಣು ವಸ್ತುವಿನ ವಿವರವನ್ನು ಕ್ಷಮಿಸುತ್ತದೆ, ಬೆಳಕಿನ ತಪ್ಪನ್ನು ಕ್ಷಮಿಸುವುದಿಲ್ಲ ಎಂದು ನಾನು ನಂಬತೊಡಗಿದ್ದು ಆಗಿನಿಂದ.

ನೀರಿನ ಪ್ರತಿಬಿಂಬದ ವಿಷಯವೂ ಹೀಗೆಯೇ. ಹಳೆಯ ವಿಧಾನದಲ್ಲಿ ಪರದೆಯ ಮೇಲೆ ಕಾಣುತ್ತಿರುವುದು ಮಾತ್ರ ಪ್ರತಿಫಲಿಸುತ್ತದೆ. ರಸ್ತೆಯಲ್ಲಿ ನಿಂತ ನೀರನ್ನು ನೋಡುತ್ತ ತಲೆ ಬಗ್ಗಿಸಿದರೆ, ಎದುರಿನ ಕಟ್ಟಡ ಪರದೆಯಿಂದ ಹೊರಗೆ ಸರಿದ ಕೂಡಲೇ ನೀರಿನಿಂದಲೂ ಮಾಯವಾಗುತ್ತದೆ. ಕಿರಣಗಳನ್ನು ಹಿಂಬಾಲಿಸುವ ವಿಧಾನದಲ್ಲಿ ಕಟ್ಟಡ ಅಲ್ಲೇ ಇರುತ್ತದೆ. ಒಮ್ಮೆ ಇದನ್ನು ಕಂಡವರಿಗೆ ಹಳೆಯ ನೀರನ್ನು ಮತ್ತೆ ನೋಡುವುದು ಕಷ್ಟ.

ಇಷ್ಟು ಮೆಚ್ಚಿಕೊಂಡ ಮೇಲೂ ನನ್ನನ್ನು ಪ್ರತಿದಿನ ಕಾಡುವ ಒಂದು ದೋಷವಿದೆ, ಮತ್ತು ಅದು ಸಣ್ಣದಲ್ಲ. ಆಟದೊಳಗಿನ ಕೋಣೆಯೊಂದರಲ್ಲಿ ಮೇಜಿನ ದೀಪವನ್ನು ಆರಿಸಿದರೆ, ಬಲ್ಬು ಥಟ್ಟನೆ ಕಪ್ಪಾಗುತ್ತದೆ. ಆದರೆ ಗೋಡೆಯ ಮೇಲಿನ ಹಳದಿ ಬೆಳಕು ಆ ಕ್ಷಣಕ್ಕೆ ಹೋಗದೆ, ಬಟ್ಟೆಯಲ್ಲಿ ಹೀರಿಕೊಂಡ ತೇವದಂತೆ ನಿಧಾನವಾಗಿ ಆರುತ್ತದೆ. ವೇಗವಾಗಿ ತಿರುಗಿದರೆ ಕಂಬದ ಹಿಂದಿನಿಂದ ಈಗಷ್ಟೇ ಹೊರಬಂದ ಗೋಡೆ ಮರಳು ಎರಚಿದಂತೆ ಕಂಡು, ಆಮೇಲೆ ಸ್ಪಷ್ಟವಾಗುತ್ತದೆ. ತಂತಿಬೇಲಿಯ ಹಿಂದೆ ಯಾರಾದರೂ ನಡೆದರೆ ಅವರ ಬೆನ್ನಿಗೆ ನೆರಳಿನ ಬಾಲವೊಂದು ಅಂಟಿಕೊಳ್ಳುತ್ತದೆ.

ಕಾರಣ ಸರಳ, ಪರಿಹಾರ ಮಾತ್ರ ಸರಳವಲ್ಲ. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು; 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಚಲನಚಿತ್ರದ ಒಂದು ಫ್ರೇಮಿಗೆ ಗಂಟೆಗಟ್ಟಲೆ ಕೊಡಬಹುದು, ಆಟಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಪ್ರತಿ ಪಿಕ್ಸೆಲ್‌ಗೆ ಬೆರಳೆಣಿಕೆಯ ಕಿರಣಗಳನ್ನಷ್ಟೇ ಬಿಟ್ಟು, ಉಳಿದದ್ದನ್ನು ಹಿಂದಿನ ಫ್ರೇಮುಗಳಿಂದ ತುಂಬಿಸಿಕೊಳ್ಳುತ್ತಾರೆ. ಈ ಕೆಲಸ ಮಾಡುವ ಡಿನಾಯ್ಸರ್ ಹಳೆಯ ನೆನಪನ್ನು ನಂಬಿಕೊಂಡಿರುವುದರಿಂದಲೇ ಆರಿದ ದೀಪದ ಬೆಳಕು ಗೋಡೆಯಲ್ಲಿ ಉಳಿಯುವುದು. ಹೆಚ್ಚು ಶಕ್ತಿಯ ಕಾರ್ಡು ಕೊಂಡರೆ ಸಾಲದೇ ಎಂದು ಕೇಳುವವರಿಗೆ ಒಂದು ಮಾತು: ಈ ವಿಧಾನದಲ್ಲಿ ಚಿತ್ರದ ಮರಳುಮರಳನ್ನು ಅರ್ಧಕ್ಕೆ ಇಳಿಸಬೇಕಾದರೆ ಕಿರಣಗಳನ್ನು ನಾಲ್ಕು ಪಟ್ಟು ಮಾಡಬೇಕು.

ಫ್ರೇಮ್ ಜನರೇಷನ್ ಈ ಕೊರತೆಯನ್ನು ತೀರಿಸುತ್ತದೆಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ನಿಜವಾದ ಎರಡು ಫ್ರೇಮುಗಳ ನಡುವೆ ಊಹೆಯ ಫ್ರೇಮನ್ನು ಸೇರಿಸಲು ಎರಡನೆಯದನ್ನು ತಡೆಹಿಡಿಯಲೇಬೇಕು. ಸೆಕೆಂಡಿಗಿಷ್ಟು ಫ್ರೇಮು ಎಂಬ ಅಂಕಿ ಏರುತ್ತದೆ, ಕೈಯ ಆಜ್ಞೆಗೆ ಆಟ ಕೊಡುವ ಉತ್ತರ ಮಾತ್ರ ಚುರುಕಾಗುವುದಿಲ್ಲ. 2023ರಿಂದ ಬರತೊಡಗಿದ, ನ್ಯೂರಲ್ ನೆಟ್‌ವರ್ಕ್ ಆಧಾರಿತ ಡಿನಾಯ್ಸರ್‌ಗಳ ಬಗ್ಗೆ ನನ್ನ ಮಾತು ಇಷ್ಟು ಕಟುವಲ್ಲ. ಅವು ಬಂದ ಮೇಲೆ ನನ್ನ ಹಳೆಯ ಕಾರ್ಡಿನಲ್ಲೇ ದೀಪದ ಬೆಳಕು ಬೇಗ ಆರುತ್ತಿದೆ, ಪ್ರತಿಬಿಂಬಗಳು ತೀಕ್ಷ್ಣವಾಗಿವೆ. ಆದರೆ ದೂರದ ಮುಖಗಳು ಕೆಲವೊಮ್ಮೆ ತೈಲವರ್ಣದಲ್ಲಿ ಬಳಿದಂತೆ ಕಾಣುತ್ತವೆ.

ಮುಖಗಳ ಮಾತು ಬಂದದ್ದರಿಂದ: ಚರ್ಮ ಗೆದ್ದಿದೆ, ಬಾಯಿ ಇನ್ನೂ ಸೋಲುತ್ತಿದೆ. ಬೆಳಕಿಗೆ ಅಡ್ಡವಾಗಿ ನಿಂತ ಪಾತ್ರದ ಕಿವಿಯಂಚು ಕೆಂಪಾಗುವುದು ಅದ್ಭುತ, ಅದೇ ಪಾತ್ರ ಮಾತಾಡತೊಡಗಿದರೆ ಮೋಡಿ ಕಳಚುತ್ತದೆ. ಮನುಷ್ಯನನ್ನು ತೀರಾ ಹತ್ತಿರದಿಂದ ಹೋಲುವ ಆಕೃತಿ ಕಸಿವಿಸಿ ಹುಟ್ಟಿಸುತ್ತದೆಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ ಅವರು 1970ರಲ್ಲೇ ಬರೆದಿದ್ದರು.

ನನಗೆ ನಿಜವಾಗಿ ಬೇಸರ ತಂದಿರುವುದು ಈ ಬೆಳಕನ್ನು ಆಟಗಳು ಆಟಕ್ಕಾಗಿ ಬಳಸಿಕೊಳ್ಳದಿರುವುದು. ತಿರುವಿನಾಚೆ ನಿಂತ ಶತ್ರುವಿನ ನೆರಳು ಅವನಿಗಿಂತ ಮೊದಲೇ ನೆಲದ ಮೇಲೆ ಕಾಣುತ್ತದೆ. ಅಂಗಡಿಯ ಗಾಜಿನಲ್ಲಿ ಬೆನ್ನ ಹಿಂದಿನ ಬೀದಿ ಕಾಣುತ್ತದೆ. ನಕ್ಷೆಯ ಕೆಂಪು ಚುಕ್ಕೆಗಳನ್ನು ಮರೆಮಾಡಿ ಹೀಗೆ ಸುಳಿವು ಹಿಡಿದು ಮುಂದೆ ಹೋಗುವುದು ನನಗೆ ಈ ಕಾರ್ಡು ಕೊಟ್ಟ ಅತ್ಯಂತ ಹೊಸ ಅನುಭವ. ಆದರೆ ಹಳೆಯ ಕಾರ್ಡಿನವರೂ ಅದೇ ಆಟ ಆಡಬೇಕಾಗಿರುವವರೆಗೆ ತಯಾರಕರು ಒಗಟನ್ನು ಪ್ರತಿಬಿಂಬದ ಮೇಲೆ ಕಟ್ಟುವುದಿಲ್ಲ. 2021ರ ‘ಮೆಟ್ರೋ ಎಕ್ಸೋಡಸ್’ ಆಟದ ಹೊಸ ಆವೃತ್ತಿ ರೇ ಟ್ರೇಸಿಂಗ್ ಇಲ್ಲದ ಕಾರ್ಡುಗಳಲ್ಲಿ ನಡೆಯುವುದೇ ಇಲ್ಲ. ಅಂಥ ಆಟಗಳು ಹೆಚ್ಚಾದಂತೆ ಈ ಹಿಂಜರಿಕೆ ಕಡಿಮೆಯಾಗಬಹುದು.

ಸದ್ಯಕ್ಕೆ ನಡೆದಾಡುವ ಆಟಗಳಲ್ಲಿ ಪಾತ್ ಟ್ರೇಸಿಂಗ್ ಹಾಕಿ, ರೆಸಲ್ಯೂಷನ್ 1440ಕ್ಕೆ ಇಳಿಸಿ, ವೇಗವನ್ನು 40 ಫ್ರೇಮಿಗೆ ಕಟ್ಟಿಹಾಕಿ ಆಡುತ್ತೇನೆ. ಕಾಳಗ ಹೆಚ್ಚಿರುವ ಆಟಗಳಲ್ಲಿ ಪ್ರತಿಬಿಂಬಗಳನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಆರಿಸುತ್ತೇನೆ. ನನ್ನಂತೆ ನಿಧಾನವಾಗಿ ಆಡುವವರು ಕೊಳ್ಳಲಿ, ಆದರೆ ಕೋರ್‌ಗಳಿಗಿಂತ ಮೊದಲು ವೀಡಿಯೊ ಮೆಮೊರಿ ನೋಡಲಿ. 8 ಜಿಬಿ ಕಾರ್ಡಿನಲ್ಲಿ ಪಾತ್ ಟ್ರೇಸಿಂಗ್ ಹಾಕಿದಾಗ ಮೊದಲು ಬಲಿಯಾಗುವುದು ವಸ್ತುಗಳ ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳು. ಸೆಣಸಾಟದ ಆಟಗಳನ್ನೇ ಆಡುವವರು ಈ ಸೌಲಭ್ಯಕ್ಕೆಂದು ಹೆಚ್ಚಿನ ಹಣ ಕೊಡಬೇಕಾಗಿಲ್ಲ.