ಶಿಶು ಆಹಾರದ ಪುಡಿಯಲ್ಲಿ ಪ್ರೋಟೀನ್: ಕೆಲ್ಡಾಲ್ ಮತ್ತು ಡ್ಯೂಮಾ

ಈ ಮಳೆಗಾಲದಲ್ಲಿ ಕಾರವಾರದ ನಮ್ಮ ಪ್ರಯೋಗಾಲಯದಲ್ಲಿ ಒಂದೇ ಡಬ್ಬಿಯ ಶಿಶು ಆಹಾರದ ಪುಡಿಯನ್ನು ಕೆಲ್ಡಾಲ್ ಮತ್ತು ಡ್ಯೂಮಾ ವಿಧಾನಗಳೆರಡರಲ್ಲೂ ಹಲವು ಸಲ ಅಳೆದು ನೋಡಿದೆ. ಎರಡೂ ನೇರವಾಗಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸಿದಾಗ ಪ್ರೋಟೀನ್ ಸಿಗುತ್ತದೆ. ಹಾಲಿಗೆ ಬಳಸುವ 6.38ನ್ನು ರೂಢಿಬಲದಿಂದ ಇಲ್ಲಿಗೂ ಹಾಕಿದರೆ, ಶೇಕಡಾ 1.92 ಸಾರಜನಕವಿರುವ ಪುಡಿಯ ಪ್ರೋಟೀನ್ 12.00ರ ಬದಲು 12.25 ಆಗುತ್ತದೆ. ಹಸುವಿನ ಹಾಲಿನ ಶಿಶು ಆಹಾರದಲ್ಲಿ 100 ಕಿಲೋಕ್ಯಾಲೊರಿಗೆ ಕನಿಷ್ಠ 1.8 ಗ್ರಾಂ ಪ್ರೋಟೀನ್ ಇರಬೇಕೆಂಬ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿಯ ಅಂಚಿನಲ್ಲಿರುವ ಮಾದರಿಗೆ ಇಷ್ಟು ವ್ಯತ್ಯಾಸ ಬಹಳ ದೊಡ್ಡದು.

1883ರಲ್ಲಿ ಡೆನ್ಮಾರ್ಕಿನ ಯೊಹಾನ್ ಕೆಲ್ಡಾಲ್ ಪ್ರಕಟಿಸಿದ ವಿಧಾನ ನಿಧಾನದ್ದು. ಸುಮಾರು ಒಂದು ಗ್ರಾಂ ಪುಡಿಯನ್ನು ಗಂಧಕಾಮ್ಲ, ಪೊಟ್ಯಾಸಿಯಂ ಸಲ್ಫೇಟ್ ಮತ್ತು ಮೈಲುತುತ್ತದೊಂದಿಗೆ 420 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಲ್ಯಾಕ್ಟೋಸ್ ಹೇರಳವಾಗಿರುವ ಈ ಪುಡಿ ಮೊದಲು ಕಪ್ಪು ನೊರೆಯಾಗಿ ಕೊಳವೆಯ ಕತ್ತಿನವರೆಗೆ ಏರುವುದರಿಂದ ಆರಂಭದಲ್ಲಿ ಉರಿ ತಗ್ಗಿಸಿ ಕಾಯಲೇಬೇಕು. ಅವಸರ ಮಾಡಿದ ದಿನ ನನ್ನ ಎರಡು ಕೊಳವೆಗಳ ಮಾದರಿ ಉಕ್ಕಿ ಹಾಳಾಯಿತು. ದ್ರವ ತಿಳಿಯಾದ ಮೇಲೆ ಕ್ಷಾರ ಸೇರಿಸಿ ಬಟ್ಟಿ ಇಳಿಸಿದಾಗ ಅಮೋನಿಯ ತಾಗಿ, ಬಣ್ಣದ ಸೂಚಕ ಬೆರೆಸಿದ ಕೆಂಪು ಬೋರಿಕ್ ಆಮ್ಲ ಹಸಿರಾಗುತ್ತದೆ. ಆ ಅಮೋನಿಯವನ್ನು ಅಳೆಯಲು ಬ್ಯೂರೆಟ್ಟಿನಿಂದ (ಅಳತೆಗೆರೆಗಳ ಗಾಜಿನ ಕೊಳವೆ) ಬಿಡುವ ಆಮ್ಲದ ಕೊನೆಯ ಹನಿಗೆ ಅದು ಮತ್ತೆ ತಿಳಿಗುಲಾಬಿಗೆ ತಿರುಗುವುದನ್ನು ಕಣ್ಣಾರೆ ನೋಡಬಹುದಾದ್ದರಿಂದ, ತಪ್ಪು ಎಲ್ಲಿ ನಡೆಯಿತೆಂದು ಹುಡುಕುವುದು ಸುಲಭ.

ಡ್ಯೂಮಾ ಯಂತ್ರಕ್ಕೆ ಆಮ್ಲವೂ ಬೇಡ, ಹೊಗೆಯೂ ಇಲ್ಲ. ಮಾದರಿಯನ್ನು ಆಮ್ಲಜನಕದಲ್ಲಿ ಸುಟ್ಟು ಐದಾರು ನಿಮಿಷದಲ್ಲಿ ಸಾರಜನಕದ ಅಂಕಿ ಕೊಡುತ್ತದೆ. ನೈಟ್ರೇಟನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಅಂಕಿ ತುಸು ಹೆಚ್ಚೇ ಬರುತ್ತದೆ. ಆದರೆ ಸುಮಾರು 0.2 ಗ್ರಾಂ ಪುಡಿಯನ್ನಷ್ಟೇ ತೂಗುವ ಈ ವಿಧಾನಕ್ಕೆ ನಮ್ಮ ಕರಾವಳಿಯ ಜುಲೈ ತಿಂಗಳ ತೇವ ದೊಡ್ಡ ವೈರಿ. ತಕ್ಕಡಿಯ ಮೇಲಿಟ್ಟ ಪುಡಿ ತೇವ ಹೀರಿ, ನಾಲ್ಕನೆಯ ದಶಮಾಂಶ ಕಣ್ಣೆದುರೇ ಏರುತ್ತಿರುತ್ತದೆ. ಡಬ್ಬಿಯನ್ನು ಡೆಸಿಕೇಟರಿನಲ್ಲಿ (ತೇವ ತಾಗದಂತೆ ಕಾಪಾಡುವ ಮುಚ್ಚಿದ ಪಾತ್ರೆ) ಇಟ್ಟು, ತೇವಾಂಶವನ್ನು ಅದೇ ದಿನ ಬೇರೆಯಾಗಿ ಅಳೆದು ಲೆಕ್ಕ ಸರಿಪಡಿಸಿದ ಮೇಲೆಯೇ ನನ್ನ ಫಲಿತಾಂಶಗಳು ಒಂದಕ್ಕೊಂದು ಹೊಂದಿದವು. ಕರೆಂಟು ಹೋದರೆ ಕುಲುಮೆ ಮತ್ತೆ ಕಾಯುವವರೆಗೆ ಕೂರಬೇಕಾದ ತೊಂದರೆಯೂ ಇದೆ.

ದಿನಕ್ಕೆ ಮೂವತ್ತು ಮಾದರಿಗಳು ಬಂದರೆ ನಾನು ಡ್ಯೂಮಾವನ್ನೇ ಆರಿಸುತ್ತೇನೆ. ಮಿತಿಯ ಅಂಚಿನ ಮಾದರಿಯನ್ನು ಮಾತ್ರ ಕೆಲ್ಡಾಲ್‌ನಲ್ಲಿ ಮತ್ತೆ ಅಳೆಯದೆ ಬಿಡುವುದಿಲ್ಲ. ಆದರೆ ತೂಕದ ಮೂರನೇ ಎರಡು ಭಾಗ ಸಾರಜನಕವೇ ಆಗಿರುವ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಎರಡೂ ವಿಧಾನಗಳು ಪ್ರೋಟೀನೆಂದೇ ಎಣಿಸುತ್ತವೆ. 2008ರಲ್ಲಿ ಚೀನಾದ ಎಳೆಯ ಮಕ್ಕಳ ಮೂತ್ರಪಿಂಡಗಳು ಹಾಳಾದದ್ದು ಈ ಕುರುಡಿನ ಲಾಭ ಪಡೆದ ಕಲಬೆರಕೆಯಿಂದ. ಆದ್ದರಿಂದ ಪ್ರೋಟೀನ್ ವರದಿಗೆ ಸಹಿ ಹಾಕುವ ಮೊದಲೇ ಒಂದು ಭಾಗವನ್ನು ಮೆಲಮೈನ್ ಪರೀಕ್ಷೆಗೆ ಬೇರೆಯಾಗಿ ಕಳಿಸುತ್ತೇನೆ.