ಗ್ರೇಟ್ ಸರ್ಕಲ್ ಮ್ಯಾಪರ್: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ತಿಳಿಯಲು ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಉಚಿತ ಜಾಲತಾಣವನ್ನು. ಬೆಂಗಳೂರಿನ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋದ ಎಸ್‌ಎಫ್‌ಒ ಎಂಬ ಮೂರಕ್ಷರದ ಸಂಕೇತಗಳ ನಡುವೆ ಅಡ್ಡಗೆರೆಯಿಟ್ಟು ಬರೆದರೆ, ದೂರವೂ ದಾರಿಯ ನಕ್ಷೆಯೂ ಒಟ್ಟಿಗೆ ದೊರೆಯುತ್ತವೆ. ಉತ್ತರ ಸುಮಾರು 14,000 ಕಿಲೋಮೀಟರ್.

ಈ ಉತ್ತರವನ್ನು ನಾನು ಕೈಲೆಕ್ಕದಿಂದಲೂ ಪರೀಕ್ಷಿಸಿದ್ದೇನೆ. ಎರಡೂ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು, ಭೂಮಿಯನ್ನು ಪೂರ್ಣ ಗೋಳವೆಂದೇ ಭಾವಿಸಿದರೆ, ಅವುಗಳ ನಡುವೆ ಭೂಕೇಂದ್ರದಲ್ಲಿ ಏರ್ಪಡುವ ಕೋನ ಸುಮಾರು 125.8 ಡಿಗ್ರಿ, ಡಿಗ್ರಿಗೆ 111.2 ಕಿಲೋಮೀಟರಿನಂತೆ ಗುಣಿಸಿದಾಗ 13,990ರ ಆಸುಪಾಸಿನ ಸಂಖ್ಯೆ ಬರುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಇಂಥ ಕೈಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಉಳಿಯುವುದು ಸಹಜ.

ಆದರೆ ಈ ತಾಣದ ನಿಜವಾದ ಹಿರಿಮೆ ಇರುವುದು ಅದು ಎಳೆಯುವ ಗೆರೆಯಲ್ಲಿ. ಗೋಡೆಯ ನಕ್ಷೆಯನ್ನು ನೋಡಿ ಬೆಳೆದ ನಮಗೆ ಅಮೆರಿಕ ಎಂದರೆ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ದೇಶ. ಈ ಗೆರೆಯಾದರೋ ಬೆಂಗಳೂರಿನಿಂದ ಬಹುಮಟ್ಟಿಗೆ ಉತ್ತರಕ್ಕೇ ಹೊರಟು, ನೇಪಾಳ ಮತ್ತು ಟಿಬೆಟನ್ನು ದಾಟಿ, ಸೈಬೀರಿಯಾದ ಈಶಾನ್ಯದಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರಿ, ಅಲಾಸ್ಕಾದ ಮೂಲಕ ಕೆಳಗಿಳಿಯುತ್ತದೆ. ಶಾಲೆಯ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಕಾಣುವುದೂ ಇದೇ ಮಹಾವೃತ್ತದ (ಗ್ರೇಟ್ ಸರ್ಕಲ್) ದಾರಿ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿ. ಮಕ್ಕಳಿಗೆ ಗ್ಲೋಬನ್ನೂ ಈ ತಾಣದ ನಕ್ಷೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಬೇಕೆಂಬುದು ನನ್ನ ಆಸೆ. ನಡುವೆ ಫ್ರಾಂಕ್‌ಫರ್ಟಿನ ಸಂಕೇತವನ್ನು ಸೇರಿಸಿದರೆ ಒಟ್ಟು ದೂರ ಸುಮಾರು 16,500 ಕಿಲೋಮೀಟರಿಗೆ ಏರುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಎರಡು ಮಾರ್ಗಗಳನ್ನು ಹೋಲಿಸಲು ಇದು ಬಹಳ ಅನುಕೂಲ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಇಲ್ಲಿ ಸಿಗುವುದು ಕನಿಷ್ಠ ದೂರವೇ ಹೊರತು ವಿಮಾನವು ವಾಸ್ತವವಾಗಿ ಕ್ರಮಿಸುವ ದೂರವಲ್ಲ. 2021ರ ಜನವರಿಯಲ್ಲಿ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನವು ಉತ್ತರ ಧ್ರುವದ ಮೇಲಿನಿಂದ ಹಾದು ಸುಮಾರು 16,000 ಕಿಲೋಮೀಟರ್ ಕ್ರಮಿಸಿತ್ತು. ಗಾಳಿಯ ದಿಕ್ಕು, ವಾಯುಪ್ರದೇಶದ ಅನುಮತಿ, ಇವೆಲ್ಲ ಮಾರ್ಗವನ್ನು ಬದಲಿಸುತ್ತವೆ. ತುರ್ತು ಸಂದರ್ಭದಲ್ಲಿ ಬೇಗನೆ ಕೆಳಕ್ಕೆ ಇಳಿಯಲು ಅವಕಾಶವಿಲ್ಲದ ಟಿಬೆಟಿನ ಎತ್ತರದ ನೆಲವನ್ನಂತೂ ವಿಮಾನಗಳು ಸಾಮಾನ್ಯವಾಗಿ ತಪ್ಪಿಸಿ ಸುತ್ತಿಕೊಂಡೇ ಹೋಗುತ್ತವೆ. ಆದ್ದರಿಂದ ಪ್ರಯಾಣದ ಅವಧಿಯನ್ನು ಈ ಸಂಖ್ಯೆಯಿಂದ ಅಂದಾಜು ಮಾಡದೆ ವಿಮಾನ ಸಂಸ್ಥೆಯ ವೇಳಾಪಟ್ಟಿಯಲ್ಲೇ ನೋಡುವುದು ಒಳ್ಳೆಯದು.

ತಾಣವು ತಾನಾಗಿ ತೋರಿಸುವುದು ಮೈಲಿಗಳಲ್ಲಿ. ಸಾಮಾನ್ಯ ಮೈಲಿ 1.609 ಕಿಲೋಮೀಟರ್, ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿ 1.852 ಕಿಲೋಮೀಟರ್ ಆಗಿರುವುದರಿಂದ, ಮೊದಲು ಮಾನವನ್ನು ಕಿಲೋಮೀಟರಿಗೆ ಬದಲಿಸಿಕೊಂಡು ಆಮೇಲೆ ಸಂಖ್ಯೆಯನ್ನು ಬರೆದುಕೊಳ್ಳಿ.